ಅಳತೆಗೆ ನಿಂತ ಮನುಷ್ಯ

ಕಂಪ್ಯೂಟರಿನಿಂದ ಬಂದ ಮೊದಲ ಕಟ್ಟನ್ನು ನಾನು ಬಿಚ್ಚಿದ್ದು ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಲ್ಲಿ, ಜೀಪಿನ ಬಾನೆಟ್ಟಿನ ಮೇಲೆ. ಎಂಬತ್ತರ ದಶಕದ ನಡುವಿನ ಮಾತು. ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದ ಅಗಲವಾದ ಹಾಳೆಗಳು, ಒಂದಕ್ಕೊಂದು ಅಂಟಿಕೊಂಡು ಮಡಿಕೆ ಮಡಿಕೆಯಾಗಿ ಬಂದಿದ್ದವು. ಪ್ರತಿ ಸಾಲಿನಲ್ಲಿ ಒಬ್ಬ ಆಳಿನ ನಂಬರು, ಆರು ಅಂಕಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಆದೇಶ. ಸಹಜ, ಅಥವಾ ವೈದ್ಯರಿಗೆ ತೋರಿಸಿ, ಅಥವಾ ಫಿಲ್ಮು ಮತ್ತೆ ತೆಗೆಯಿರಿ. ವಸ್ತಾರೆ ಹತ್ತಿರದ ಎಸ್ಟೇಟಿನಲ್ಲಿ ನಾವು ಮಾಡಿದ್ದ ಮೊದಲ ಕ್ಯಾಂಪಿಗೆ ಬಂದ ಉತ್ತರದಲ್ಲಿ ಮುಕ್ಕಾಲು ಪಾಲು ಮೂರನೆಯದೇ ಇತ್ತು.

ಜೀಪಿನ ಡ್ರೈವರ್ ಸಾಬ್ರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಎಂಥ ಹೇಳ್ತದೆ ಸಾರ್ ನಿಮ್ಮ ಮಿಷನ್ನು?"

"ಮತ್ತೆ ಹೋಗಿ ತೆಗೀಬೇಕಂತೆ."

"ಅಷ್ಟೂ ಜನರದ್ದಾ? ಹಂಗಾದ್ರೆ ಹುಷಾರಿಲ್ಲದೆ ಇರೋದು ಮಿಷನ್ನಿಗೇ."

ನಾನು ನಕ್ಕೆ. ಆಗ ನಗುವುದು ಸುಲಭವಿತ್ತು.

ನಾನು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಕಾಫಿ ಕೆಲಸಗಾರರ ಶ್ವಾಸಕೋಶದ ಮೇಲೆ ಅಧ್ಯಯನ ಶುರುಮಾಡಿ, ಒಂದು ಕೊಯ್ಲಿನ ಕಾಲದ ಮಟ್ಟಿಗೆ ನನ್ನನ್ನು ಎರವಲು ಪಡೆದಿದ್ದರು. ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ಕಾಫಿ ಹದಮಾಡುವ ಕಾರ್ಖಾನೆಯಲ್ಲಿ, ಒಣಗಿದ ಬೀಜದ ಪಾರ್ಚ್‌ಮೆಂಟ್ ಸಿಪ್ಪೆ ಸುಲಿಯುವಾಗ ಏಳುವ ಧೂಳು ಎದೆಗೆ ಏನು ಮಾಡುತ್ತದೆ, ತೋಟದಲ್ಲಿ ಹಣ್ಣು ಕೊಯ್ಯುವವರ ಎದೆಗೂ ಇವರ ಎದೆಗೂ ಏನು ವ್ಯತ್ಯಾಸ ಎಂಬುದು ಅವರ ಪ್ರಶ್ನೆ. ಯೋಜನೆಯ ಮುಖ್ಯಸ್ಥರಾಗಿದ್ದ ಡಾಕ್ಟರು ವಿದೇಶದಲ್ಲಿ ಓದಿ ಬಂದವರು. ಅವರ ನಿಜವಾದ ಆಸಕ್ತಿ ಧೂಳಿನಲ್ಲಿರಲಿಲ್ಲ, ಪ್ರೋಗ್ರಾಮಿನಲ್ಲಿತ್ತು. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: "ಒಂದೇ ಫಿಲ್ಮನ್ನ ಇಬ್ಬರು ಡಾಕ್ಟರಿಗೆ ಕೊಟ್ಟರೆ ಎರಡು ಅಭಿಪ್ರಾಯ ಬರುತ್ತೆ. ಸಂಜೆ ಹೊತ್ತು ಸುಸ್ತಾದಾಗ ಕೊಟ್ಟರೆ ಮೂರನೆಯದು ಬರುತ್ತೆ. ನೀವು ಅಳತೆ ಕಳಿಸಿ. ಏನು ಮಾಡಬೇಕು ಅಂತ ಪ್ರೋಗ್ರಾಮ್ ಹೇಳುತ್ತೆ."

ಕೆಲಸದ ಕ್ರಮ ಹೀಗಿತ್ತು. ಎಸ್ಟೇಟಿನ ಗೋದಾಮಿನಲ್ಲಿ ಒಂದು ಮೂಲೆ ಖಾಲಿ ಮಾಡಿಸಿ ಸಾಗಿಸುವ ಎಕ್ಸ್‌ರೇ ಯಂತ್ರ ನಿಲ್ಲಿಸುತ್ತಿದ್ದೆವು. ಹೊರಗೆ ಜನರೇಟರು. ರೈಟರು, ಅಂದರೆ ಎಸ್ಟೇಟಿನ ಹಾಜರಿ ಬರೆಯುವವರು, ಹೆಸರು ಕೂಗಿದಂತೆ ಒಬ್ಬೊಬ್ಬರೇ ಬಂದು ಎದೆಯನ್ನು ಫಿಲ್ಮಿನ ಪೆಟ್ಟಿಗೆಗೆ ಒತ್ತಿ ನಿಂತು ಉಸಿರು ಬಿಗಿ ಹಿಡಿಯಬೇಕು. ಬಂಗಲೆಯ ಸ್ನಾನದ ಮನೆಯ ಕಿಟಕಿಗೆ ಕಂಬಳಿ ಹೊದಿಸಿದರೆ ಅದೇ ಡಾರ್ಕ್ ರೂಮು. ಡಿಸೆಂಬರಿನ ಚಳಿಗೆ ಡೆವಲಪರ್ ದ್ರಾವಣ ತಣ್ಣಗಾಗಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಸಾಬ್ರು ಹಂಡೆಯ ಬಿಸಿನೀರು ತಂದು ಟ್ರೇಯ ಕೆಳಗೆ ಇಡುತ್ತಿದ್ದರು. ಫಿಲ್ಮು ಒಣಗಿದ ಮೇಲೆ ಅದನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು, ಒಂದೊಂದು ಶ್ವಾಸಕೋಶವನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಭಾಗ ಮಾಡಿಕೊಂಡು, ಆರೂ ಕಡೆ ಬಿಳುಪು ಎಷ್ಟಿದೆ ಎಂದು ಸಣ್ಣ ಮೀಟರಿನಲ್ಲಿ ಅಳೆದು ಫಾರಂ ತುಂಬುತ್ತಿದ್ದೆ. ಕಣ್ಣಿಗೆ ಕಂಡ ಛಾಯೆಗೆ ಸೊನ್ನೆಯಿಂದ ಮೂರರವರೆಗೆ ಬೇರೆ ಅಂಕಿ. ಫಾರಮುಗಳ ಕಟ್ಟು ಬಸ್ಸಿನಲ್ಲಿ ಬೆಂಗಳೂರಿಗೆ. ಅಲ್ಲೊಬ್ಬಳು ಪ್ರೋಗ್ರಾಮರ್ ಹುಡುಗಿ ಅವನ್ನು ಕಂಪ್ಯೂಟರಿಗೆ ಉಣಿಸುತ್ತಿದ್ದಳು. ಫಿಲ್ಮುಗಳು ಮಾತ್ರ ನನ್ನ ಬಳಿಯೇ, ತಗಡಿನ ಟ್ರಂಕಿನಲ್ಲಿ.

ಮತ್ತೆ ತೆಗೆಯಿರಿ ಎಂಬ ಆದೇಶ ಹಿಡಿದು ವಸ್ತಾರೆಗೆ ಎರಡನೇ ಸಲ ಹೋದಾಗ ಎಸ್ಟೇಟಿನ ಯಜಮಾನರು ಜಗಲಿಯಿಂದ ಇಳಿಯಲೇ ಇಲ್ಲ.

"ಏನ್ರೀ ಮಾರಾಯ್ರೇ ಇದು? ಹಣ್ಣು ಗಿಡದಲ್ಲೇ ಒಣಗ್ತಾ ಇದೆ, ಇರೋ ಆಳನ್ನೂ ನೀವು ಸಾಲಲ್ಲಿ ನಿಲ್ಲಿಸ್ಕೊಂಡ್ರೆ ಹೆಂಗೆ?"

ಕೊಯ್ಲಿನ ಹೆಂಗಸರೂ ಬೈದರು. "ಮೊನ್ನೆ ತೆಗೆದ ಪಟ ಎಲ್ಲಿ ಹೋಯ್ತು? ನಮ್ಮನ್ನೇನು ಆಟಕ್ಕೆ ಇಟ್ಕೊಂಡಿದೀರಾ?"

ಅವರ ಸಿಟ್ಟು ನ್ಯಾಯವಾದದ್ದೇ. ದೋಷ ನಮ್ಮದು. ಜನರೇಟರಿನ ವೋಲ್ಟೇಜು ಒಂದು ಹದದಲ್ಲಿ ನಿಲ್ಲುತ್ತಿರಲಿಲ್ಲ, ಫಿಲ್ಮುಗಳು ತೆಳ್ಳಗೆ ಬಿಳಿಚಿಕೊಂಡು ಬರುತ್ತಿದ್ದವು. ಜೀಪಿನಲ್ಲಿ ಕುಲುಕಿ ಕುಲುಕಿ ಯಂತ್ರದ ಸ್ಟ್ಯಾಂಡು ಒಂದು ಪಕ್ಕಕ್ಕೆ ವಾಲಿದ್ದರಿಂದ ಒಂದು ಮಗ್ಗುಲು ಇನ್ನೊಂದಕ್ಕಿಂತ ಬಿಳಿಯಾಗುತ್ತಿತ್ತು. ರೋಗದ ಛಾಯೆಯೂ ಫಿಲ್ಮಿನ ಮೇಲೆ ಬಿಳಿಯೇ. ಯಾವುದು ರೋಗ, ಯಾವುದು ಯಂತ್ರದ ತಪ್ಪು ಎಂದು ಪ್ರೋಗ್ರಾಮಿಗೆ ತಿಳಿಯುತ್ತಿರಲಿಲ್ಲ.

ಆಗ ಉಪಾಯ ಹೊಳೆದದ್ದು ನನಗೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಪ್ರತಿ ಕ್ಯಾಂಪಿನಲ್ಲಿ ಎಲ್ಲರಿಗಿಂತ ಮೊದಲು ಅದೇ ಒಬ್ಬ ಆರೋಗ್ಯವಂತ ಮನುಷ್ಯನ ಫಿಲ್ಮು ತೆಗೆಯೋಣ, ಅವನ ಶ್ವಾಸಕೋಶ ಬದಲಾಗುವುದಿಲ್ಲ, ಆದ್ದರಿಂದ ಅವನ ಫಿಲ್ಮಿನಲ್ಲಿ ಹೆಚ್ಚಾಗಿ ಕಾಣುವ ಬಿಳುಪೆಲ್ಲ ಯಂತ್ರದ್ದು, ಯಾವ ಭಾಗದಲ್ಲಿ ಎಷ್ಟು ಹೆಚ್ಚಿದೆಯೋ ಅಷ್ಟನ್ನು ಆ ಕ್ಯಾಂಪಿನ ಎಲ್ಲರ ಅದೇ ಭಾಗದಿಂದ ಕಳೆಯಿರಿ ಎಂದು ಎರಡು ಪುಟದ ಕಾಗದ ಬರೆದೆ. ಮುಖ್ಯಸ್ಥರು ಮೆಚ್ಚಿ ಉತ್ತರಿಸಿದರು. ಪ್ರೋಗ್ರಾಮರ್ ಹುಡುಗಿ ಹಾಗೆಯೇ ನಿಯಮ ಸೇರಿಸಿದಳು.

ಆರೋಗ್ಯವಂತ ಮನುಷ್ಯ ಎಂದರೆ ಯಾರು? ಎಲ್ಲ ಕ್ಯಾಂಪಿಗೂ ಬರುವವರು ನಾನು ಮತ್ತು ಸಾಬ್ರು ಇಬ್ಬರೇ. ಯಂತ್ರ ಚಲಾಯಿಸಬೇಕಾದವನು ನಾನು. ಸಾಬ್ರು ಮೂಡಿಗೆರೆಯವರು, ಮೆಕ್ಯಾನಿಕ್ಕುಗಳ ಮನೆತನ, ನಲವತ್ತರ ಆಸುಪಾಸು. ಇಬ್ಬರು ಎತ್ತುವ ಜನರೇಟರನ್ನು ಒಬ್ಬರೇ ತಬ್ಬಿ ಇಳಿಸುತ್ತಿದ್ದರು.

"ಸಾಬ್ರೇ, ಕ್ಯಾಂಪಿಗೊಂದು ಸಲ ನಿಮ್ಮ ಎದೆ ಬೇಕು."

"ತಗೊಳ್ಳಿ ಸಾರ್. ಸವೆಯೋದಿಲ್ಲವಲ್ಲ?"

ಅಷ್ಟು ಸಲ ಎಕ್ಸ್‌ರೇ ಬಿಟ್ಟರೆ ಅವರಿಗೆ ಆಗಬಹುದಾದ ಕೇಡಿನ ಬಗ್ಗೆ ಮುಖ್ಯಸ್ಥರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಉಪಾಯ ಫಲಿಸಿತು. ಮುಂದಿನ ಹಾಳೆಗಳಲ್ಲಿ ಮತ್ತೆ ತೆಗೆಯಿರಿ ಎಂಬುದು ಬೆರಳೆಣಿಕೆಗೆ ಇಳಿಯಿತು. ಜಾವಳಿ ಕಡೆಯ ಕ್ಯಾಂಪುಗಳನ್ನು ವಾರದೊಳಗೆ ಮುಗಿಸಿದೆವು. ಆಳುಗಳಿಗೆ ಕನ್ನಡದಲ್ಲಿ ಅಚ್ಚು ಹಾಕಿಸಿದ ಚೀಟಿ ಹಂಚುತ್ತಿದ್ದೆ: ನಿಮ್ಮ ಎದೆ ಸಹಜವಾಗಿದೆ, ಅಥವಾ ನೀವು ಆಸ್ಪತ್ರೆಗೆ ಬರತಕ್ಕದ್ದು. ಹೆಚ್ಚಿನವರಿಗೆ ಮೊದಲನೆಯದು. ಅದನ್ನು ಹಿಡಿದು ಹೋಗುವವರ ಮುಖ ನೋಡಿ ನನಗೂ ಖುಷಿಯಾಗುತ್ತಿತ್ತು.

ಜನವರಿ ಕಳೆಯುವ ಹೊತ್ತಿಗೆ ಕಳಸದ ದಾರಿ ಹಿಡಿದೆವು. ಅಲ್ಲಿನ ಒಂದು ಎಸ್ಟೇಟಿನಲ್ಲಿ ರೊಬಸ್ಟಾ ಕಾಫಿ ಕೊಯ್ಯುತ್ತಿದ್ದ ಹೆಂಗಸೊಬ್ಬಳ ಫಿಲ್ಮು ನನ್ನ ಕೈ ತಡೆಯಿತು. ಬಲಗಡೆ ಮೇಲ್ಭಾಗದಲ್ಲಿ, ಕೊರಳೆಲುಬಿನ ಕೆಳಗೆ, ಹತ್ತಿ ಹಿಂಜಿ ಇಟ್ಟಂತೆ ಛಾಯೆ. ಎರಡು ಎಂದು ಅಂಕಿ ಹಾಕಿ ಕಳಿಸಿದೆ. ಹಾಳೆ ಬಂದಾಗ ಅವಳ ನಂಬರಿನ ಎದುರು ಸಹಜ ಎಂದಿತ್ತು. ಫಿಲ್ಮನ್ನು ಮತ್ತೆ ತೆಗೆದು ನೋಡಿದೆ. ಛಾಯೆ ಅಲ್ಲೇ ಇತ್ತು. ಕಳಸದ ಅಂಚೆ ಕಚೇರಿಯಿಂದ ಮುಖ್ಯಸ್ಥರಿಗೆ ಟ್ರಂಕ್ ಕಾಲ್ ಹಚ್ಚಿದೆ.

"ಆ ಕ್ಯಾಂಪಿನಲ್ಲಿ ಬಲಗಡೆ ಮೇಲ್ಭಾಗವೇ ಬಿಳಿಚಿಕೊಂಡು ಬಂದಿದೆಯಲ್ಲ. ನಿಮ್ಮ ಡ್ರೈವರ್ ಫಿಲ್ಮಲ್ಲೂ ಹಾಗೇ ಇದೆ. ಕಳೆದರೆ ಉಳಿಯೋದು ಸೊನ್ನೆ. ನಿಮ್ಮದೇ ಸಲಹೆ ತಾನೇ?"

"ಕಣ್ಣಿಗೆ ಕಾಣಿಸ್ತಿದೆ ಸಾರ್."

"ಕಣ್ಣಿಗೆ ದಣಿವಿದೆ. ಮೀಟರಿಗಿಲ್ಲ. ಎರಡೂ ಹೊಂದದಿದ್ದರೆ ಪ್ರೋಗ್ರಾಮ್ ನಂಬೋದು ಮೀಟರನ್ನೇ. ಚೀಟಿ ಕೊಡಿ."

ಕೊಟ್ಟೆ. ಸಹಜ ಎಂದು ಅಚ್ಚಾಗಿದ್ದ ಚೀಟಿಯಲ್ಲಿ ಅವಳ ಹೆಸರು ಬರೆದು, ಬೆಂಗಳೂರಿನ ಮಿಷನ್ನು ಹೇಳಿದ್ದು ಎಂದು ನನ್ನ ಕೈಯಾರೆ ಕೊಟ್ಟೆ. ಅವಳು ಕೆಮ್ಮುತ್ತಲೇ ಅದನ್ನು ಹಣೆಗೊತ್ತಿಕೊಂಡು ಸೆರಗಿನ ಗಂಟಿಗೆ ಕಟ್ಟಿಕೊಂಡಳು.

ಆ ದಿನಗಳಲ್ಲಿ ಸಾಬ್ರೂ ಕೆಮ್ಮುತ್ತಿದ್ದರು. ಧೂಳು, ಚಳಿ, ಬೀಡಿ ಎಂದುಕೊಂಡೆ. ಜನರೇಟರು ಇಳಿಸಲು ರೈಟರ ಆಳನ್ನು ಕರೆಯತೊಡಗಿದ್ದರು. ಪ್ಯಾಂಟಿಗೆ ಬೆಲ್ಟು ಬಿಗಿಯಲು ಮೊಳೆಯಿಂದ ಹೊಸ ತೂತು ಹೊಡೆದುಕೊಂಡದ್ದನ್ನೂ ನೋಡಿದ್ದೆ. "ಸಣ್ಣಗಾಗಿದೀರಲ್ಲ ಸಾಬ್ರೇ" ಎಂದರೆ "ನಿಮ್ಮ ಜೊತೆ ತಿರುಗಿದ್ರೆ ಆನೇನೂ ಸಣ್ಣಗಾಗ್ತದೆ" ಎನ್ನುತ್ತಿದ್ದರು. ಪ್ರತಿ ಕ್ಯಾಂಪಿನಲ್ಲಿ ಅವರ ಫಿಲ್ಮಿಗೆ ಮೀಟರು ಹಿಡಿಯುತ್ತಿದ್ದೆ. ಬಲಗಡೆ ಮೇಲೆ ಅಂಕಿ ಪ್ರತಿ ಸಲ ಒಂದಿಷ್ಟು ಏರುತ್ತಿತ್ತು. ಸ್ಟ್ಯಾಂಡು ಇನ್ನಷ್ಟು ವಾಲುತ್ತಿದೆ ಎಂದು ಬಗೆದು ನಟ್ಟು ಬಿಗಿಮಾಡಿ, ಅಂಕಿ ಬರೆದು ಕಳಿಸುತ್ತಿದ್ದೆ.

ಕಳಸದಿಂದ ಕೊಟ್ಟಿಗೆಹಾರದ ಕಡೆ ವಾಪಸು ಬರುವಾಗ, ಒಂದು ತಿರುವಿನಲ್ಲಿ ಸಾಬ್ರು ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ಅವಸರವೇನೂ ಇರಲಿಲ್ಲ, ಕೈಬ್ರೇಕು ಕೂಡ ಎಳೆದರು. ಇಳಿದು ಮೋರಿಯ ಕಟ್ಟೆ ಹಿಡಿದು ಬಗ್ಗಿದರು. ನಾನು ಹೋಗಿ ನೋಡುವಷ್ಟರಲ್ಲಿ ಅಂಗಿಯ ಮುಂಭಾಗವೆಲ್ಲ ಕೆಂಪಾಗಿತ್ತು.

"ಎಂಥದು ಸಾರ್ ಇದು?" ಎಂದರು. ಅವರ ದನಿಯಲ್ಲಿ ಹೆದರಿಕೆಗಿಂತ ಆಶ್ಚರ್ಯವೇ ಹೆಚ್ಚಿತ್ತು.

ನನಗೆ ಜೀಪು ಓಡಿಸಲು ಬರುತ್ತಿರಲಿಲ್ಲ. ಹಿಂದಿನಿಂದ ಬಂದ ಲಾರಿಗೆ ಕೈ ಮಾಡಿ, ಫಿಲ್ಮು ಹಾಳೆಗಳಿದ್ದ ಟ್ರಂಕಿನ ಸಮೇತ ಅವರನ್ನು ಹತ್ತಿಸಿಕೊಂಡು ಮೂಡಿಗೆರೆಯ ಆಸ್ಪತ್ರೆಗೆ ಮುಟ್ಟಿಸಿದೆ. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಅಲ್ಲೇ ಹೊಸ ಫಿಲ್ಮು ತೆಗೆಸಿದರು. ಗಟ್ಟಿಯಾಗಿ ನೆಲಕ್ಕೆ ಕೂರಿಸಿದ ಯಂತ್ರದ ಒಳ್ಳೆಯ ಫಿಲ್ಮು. ಬಲಗಡೆ ಮೇಲ್ಭಾಗದಲ್ಲಿ ಕ್ಷಯ ತಿಂದುಹಾಕಿದ ಗುಳಿ, ಅದರ ಸುತ್ತ ದಟ್ಟ ಬಿಳಿ.

"ಇದು ತಿಂಗಳುಗಟ್ಟಲೆ ಬೆಳೆದಿರೋದು ಮಾರಾಯ್ರೇ" ಎಂದರು ಡಾಕ್ಟರು. "ಇವರು ಎಕ್ಸ್‌ರೇ ಜೀಪಿನ ಡ್ರೈವರ್ ಅಂತೀರಿ. ಒಂದು ಸಲವಾದ್ರೂ ತೆಗೆದು ನೋಡಬಾರದಿತ್ತಾ?"

ಆಸ್ಪತ್ರೆಯ ವರಾಂಡದಲ್ಲಿ ಟ್ರಂಕು ತೆರೆದು, ಸಾಬ್ರ ಫಿಲ್ಮುಗಳನ್ನೆಲ್ಲ ಹೆಕ್ಕಿ, ಕಿಟಕಿಯ ಗಾಜಿಗೆ ಸಾಲಾಗಿ ಒರಗಿಸಿದೆ. ಮೊದಲನೆಯದರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಹೊಗೆಯಂಥದ್ದು. ಆಮೇಲೆ ಅದು ದಟ್ಟವಾಗುತ್ತ ಹೋಗಿತ್ತು, ಒಂದೊಂದು ಕ್ಯಾಂಪಿಗೂ ಒಂದೊಂದು ಹೆಜ್ಜೆ. ಯಾವ ಟೆಕ್ನಿಷಿಯನ್ನೂ ತಪ್ಪಿಸಿಕೊಳ್ಳಲಾರದಷ್ಟು ಸ್ಪಷ್ಟ. ನಾನು ಒಂದನ್ನೂ ನೋಡಿರಲಿಲ್ಲ, ಬರೀ ಅಳೆದಿದ್ದೆ.

ಕಂಪ್ಯೂಟರಿನ ಹಾಳೆಗಳನ್ನು ಬಿಡಿಸಿದೆ. ಸಾಬ್ರ ಎದೆಯಲ್ಲಿ ಬೆಳೆದ ರೋಗವನ್ನು ಪ್ರೋಗ್ರಾಮು ಯಂತ್ರದ ತಪ್ಪೆಂದು ಎಣಿಸಿ, ಅಷ್ಟನ್ನು ಎಲ್ಲರ ಬಲಗಡೆ ಮೇಲ್ಭಾಗದಿಂದ ಕಳೆಯುತ್ತ ಬಂದಿತ್ತು. ಅವರ ರೋಗ ಹೆಚ್ಚಿದಷ್ಟೂ ಉಳಿದವರ ರೋಗ ಅಳಿಸಿಹೋಗಿತ್ತು. ಕಳಸದ ಕ್ಯಾಂಪುಗಳ ಹಾಳೆಯಲ್ಲಿ ಆ ಕಾಲಂ ಮೇಲಿಂದ ಕೆಳಗಿನವರೆಗೆ ಸೊನ್ನೆ. ಕ್ಷಯ ಹೆಚ್ಚಾಗಿ ಬಂದು ಕೂರುವ ಜಾಗವೇ ಅದು ಎಂಬುದನ್ನು ನನಗೆ ಕಂಪ್ಯೂಟರು ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ದಿನ ಬೆಂಗಳೂರಿನ ಬಸ್ಸು ಹತ್ತಿದೆ. ಮುಖ್ಯಸ್ಥರು ಫಿಲ್ಮುಗಳನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ಅವುಗಳನ್ನು ಲಕೋಟೆಗೆ ಸೇರಿಸಿ ಮೇಜಿನ ಈಚೆ ತಳ್ಳಿದರು.

"ದುರದೃಷ್ಟ. ಡ್ರೈವರಿಗೆ ಚಿಕಿತ್ಸೆ ಕೊಡಿಸಿ. ಕಳಸದ ಕ್ಯಾಂಪುಗಳನ್ನ ಅಧ್ಯಯನದಿಂದ ಬಿಟ್ಟುಬಿಡೋಣ. ಉಳಿದದ್ದು ಸಾಕು ನಮಗೆ."

"ಚೀಟಿ ಕೊಟ್ಟಿದೀವಲ್ಲ ಸಾರ್. ಆ ಜನಕ್ಕೆ ಹೇಳಬೇಕಲ್ಲ."

"ಏನಂತ? ಪ್ರೋಗ್ರಾಮ್ ತಪ್ಪು ಮಾಡ್ತು ಅಂತಲಾ? ಅದು ತಪ್ಪು ಮಾಡಿಲ್ಲ. ಕೊಟ್ಟ ನಿಯಮ ಪಾಲಿಸಿದೆ. ನಿಯಮ ನಿಮ್ಮದು." ಅವರು ದನಿ ಏರಿಸಲಿಲ್ಲ. "ಯೋಚನೆ ಮಾಡಿ. ಇದು ಹೊರಗೆ ಹೋದರೆ ಮುಂದೆ ಯಾರೂ ಈ ದಾರಿಗೇ ಬರಲ್ಲ. ಎಷ್ಟು ವರ್ಷ ಹಿಂದೆ ಹೋಗ್ತೀವಿ ಗೊತ್ತಾ?"

ಕೆಳಗೆ ಕಂಪ್ಯೂಟರ್ ಕೋಣೆಗೆ ಹೋದೆ. ಪ್ರೋಗ್ರಾಮರ್ ಹುಡುಗಿಯನ್ನು ನೋಡಿದ್ದು ಅದೇ ಮೊದಲು. ನನ್ನ ಕಾಗದವನ್ನು ಅವಳು ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ನಾನು ಹೇಳಿದ್ದನ್ನು ಕೇಳಿ ಅದನ್ನು ಹೊರತೆಗೆದು ಮತ್ತೆ ಓದಿದಳು.

"ಆರೋಗ್ಯವಂತ ಅಂತ ನೀವು ಬರೆದಿದ್ರಿ" ಎಂದಳು. "ಅವರಿಗೇ ಕಾಯಿಲೆ ಬಂದರೆ ಅಂತ ನಾನೂ ಕೇಳಲಿಲ್ಲ. ಕೇಳೋದು ನನ್ನ ಕೆಲಸ ಆಗಿತ್ತು."

ಆ ಕಟ್ಟಡದಲ್ಲಿ ತನ್ನ ತಪ್ಪೆಂದು ಒಪ್ಪಿಕೊಂಡವಳು ಅವಳೊಬ್ಬಳೇ. ಕಳೆಯುವ ನಿಯಮವನ್ನು ತೆಗೆದುಹಾಕಿ, ಇಡೀ ಕೊಯ್ಲುಗಾಲದ ಅಂಕಿಗಳನ್ನು ಮತ್ತೆ ಓಡಿಸಿ ಹೊಸ ಹಾಳೆ ಕೊಡಬಲ್ಲೆಯಾ ಎಂದು ಕೇಳಿದೆ. ಅದರಲ್ಲಿ ಅರ್ಧಕ್ಕರ್ಧ ಜನ ರೋಗಿಗಳ ಹಾಗೆ ಕಾಣುತ್ತಾರೆ ಎಂದು ಎಚ್ಚರಿಸಿದಳು. ಕಾಣಲಿ, ನಾನು ಒಂದೊಂದೇ ಫಿಲ್ಮು ನೋಡಿ ಬೇರ್ಪಡಿಸುತ್ತೇನೆ ಎಂದೆ. ಸಂಜೆಯೊಳಗೆ ಹಾಳೆಯ ಕಟ್ಟು ನನ್ನ ಕೈಗೆ ಬಂತು. "ನಾನು ಕೊಟ್ಟೆ ಅಂತ ಮೇಲೆ ಹೇಳಬೇಡಿ" ಎಂದಳು. ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮುಂದಿನ ತಿಂಗಳು ಅವಳೇ ಕೆಲಸ ಬಿಟ್ಟಳೆಂದು ಕೇಳಿದೆ.

ಮುಖ್ಯಸ್ಥರು ಹೇಳಿದಂತೆ ಕೇಳಿದ್ದರೆ ನನಗೆ ಆ ಸಂಸ್ಥೆಯಲ್ಲೇ ಕಾಯಂ ಕೆಲಸ ಸಿಗುವ ಮಾತಿತ್ತು. ಚಿಕ್ಕಮಗಳೂರಿಗೆ ಬಂದವನು ರಜೆ ಹಾಕಿ, ಬಾಡಿಗೆ ಕೋಣೆಯಲ್ಲಿ ದೀಪದ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಒಂದೊಂದು ಫಿಲ್ಮನ್ನೂ ಅದೇ ಕ್ಯಾಂಪಿನ ಇತರ ಹತ್ತು ಫಿಲ್ಮುಗಳ ಪಕ್ಕ ಇಟ್ಟು ನೋಡುವುದು. ಹತ್ತರಲ್ಲೂ ಅದೇ ಜಾಗ ಬಿಳಿಯಾಗಿದ್ದರೆ ಯಂತ್ರದ್ದು. ಒಂದರಲ್ಲೇ ಇದ್ದರೆ ಮನುಷ್ಯನದ್ದು. ಎಷ್ಟು ಸರಳ ಕೆಲಸ! ಅದನ್ನು ಮೊದಲೇ ಮಾಡಬಹುದಿತ್ತು. ಒಂಬತ್ತು ದಿನ ಹಿಡಿಯಿತು. ಅನುಮಾನವಿದ್ದ ಫಿಲ್ಮುಗಳನ್ನು ಮೂಡಿಗೆರೆಯ ಡಾಕ್ಟರಿಗೆ ತೋರಿಸಿದೆ. ಕೊನೆಗೆ ಒಂದು ಹಾಳೆಯ ಎರಡೂ ಮಗ್ಗುಲು ತುಂಬುವಷ್ಟು ಹೆಸರುಗಳು ಉಳಿದವು.

ಪಟ್ಟಿ ಹಿಡಿದು ಹೊರಡುವ ಮೊದಲು ಕ್ಷಯದ ವಾರ್ಡಿಗೆ ಹೋದೆ. ಸಾಬ್ರು ಕೂತಿದ್ದರು. ಅವರ ಹೆಂಡತಿಗೂ ರೋಗ ತಗುಲಿ, ಹೆಂಗಸರ ವಾರ್ಡಿಗೆ ಸೇರಿಸಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಕಾಗದದ ವಿಷಯವನ್ನೂ ಮುಚ್ಚಿಡದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕ್ಯಾಂಪಿಗೊಂದ್ಸಲ ನನ್ನ ಎದೆ ಒಳಗೆ ನೋಡ್ತಿದ್ರಿ ಸಾರ್" ಎಂದರು. "ಹೆಂಡ್ತಿನೂ ಅಷ್ಟು ನೋಡಿರ್ಲಿಲ್ಲ. ಎಂಥ ನೋಡ್ತಿದ್ರಿ ನೀವು?"

"ಮೀಟರು ನೋಡ್ತಿದ್ದೆ ಸಾಬ್ರೇ."

ಅವರು ಗೋಡೆಯ ಕಡೆ ಮಗ್ಗುಲಾದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. "ಹೋಗಿ ಸಾರ್. ಬಸ್ಸು ತಪ್ಪಿಹೋಗ್ತದೆ" ಎಂದರು, ತಿರುಗದೆ.

ಸಾಬ್ರು ಬದುಕಿದರು. ಅವರ ಹೆಂಡತಿಯೂ ಗುಣವಾದರು. ಆದರೆ ಘಾಟಿ ಹತ್ತಿಸುವ ಉಸಿರು ಸಾಬ್ರಿಗೆ ಮರಳಿ ಬರಲಿಲ್ಲ. ಮುಂದೆ ಅವರನ್ನು ಕಂಡಾಗಲೆಲ್ಲ ತಮ್ಮನ ಗ್ಯಾರೇಜಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದರು. ನನ್ನನ್ನು ನೋಡಿದರೆ ತಲೆಯಾಡಿಸುತ್ತಿದ್ದರು. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಪಟ್ಟಿಯ ಕೆಲಸ ನಾನೆಣಿಸಿದ್ದಕ್ಕಿಂತ ಕೆಟ್ಟದಾಗಿತ್ತು. ಕೊಯ್ಲು ಮುಗಿದು ಘಟ್ಟದ ಕೆಳಗಿನ ಆಳುಗಳು ಊರಿಗೆ ಮರಳಿದ್ದರು. ರೈಟರುಗಳ ಹಾಜರಿ ಪುಸ್ತಕದಲ್ಲಿ ಬರೀ ಹೆಸರು, ಊರಿಲ್ಲ. ಸಿಕ್ಕವರಲ್ಲಿ ಕೆಲವರು ನನ್ನ ಜೊತೆ ಬಸ್ಸು ಹತ್ತಿ ಆಸ್ಪತ್ರೆಗೆ ಬಂದರು. ಕೆಲವರು ನಾಳೆ ಬರುತ್ತೇವೆ ಎಂದರು. ಒಂದು ಎಸ್ಟೇಟಿನಲ್ಲಿ ನನ್ನನ್ನು ಗೇಟಿನ ಒಳಗೇ ಬಿಡಲಿಲ್ಲ. ಆಳುಗಳನ್ನು ಹೆದರಿಸಲು ಬಂದಿದ್ದಾನೆ ಎಂದು ಅಲ್ಲಿಗೆ ಆಗಲೇ ಬೆಂಗಳೂರಿನಿಂದ ಫೋನು ಬಂದಿತ್ತು.

ಕಳಸದ ಆ ಹೆಂಗಸು ಎಸ್ಟೇಟಿನಲ್ಲೇ ನೆಲೆಸಿದವಳಾಗಿದ್ದರಿಂದ ಸಿಕ್ಕಿದಳು. ಕಾಳುಮೆಣಸು ಬಿಡಿಸುತ್ತ ಕೂತಿದ್ದಳು. ಮೊದಲಿಗಿಂತ ಇಳಿದುಹೋಗಿದ್ದಳು. ರೈಟರು ನನ್ನ ಪಕ್ಕದಲ್ಲೇ ಇದ್ದರು.

"ಅಮ್ಮಾ, ಅವತ್ತು ಕೊಟ್ಟ ಚೀಟಿ ತಪ್ಪು. ನಿಮ್ಮ ಎದೆಯಲ್ಲಿ ಕಾಯಿಲೆ ಇದೆ. ಔಷಧಿ ತಗೊಂಡ್ರೆ ವಾಸಿಯಾಗುತ್ತೆ, ಬನ್ನಿ."

ಅವಳು ಕೈಯಲ್ಲಿದ್ದ ಮೆಣಸಿನ ಗೊಂಚಲನ್ನು ಬಿಡಲಿಲ್ಲ. "ಬೆಂಗಳೂರಿನ ಮಿಷನ್ನು ಹೇಳಿದ್ದು ಅಂತ ನೀವೇ ಹೇಳಿದ್ರಿ. ಈಗ ನೀವೇ ಸುಳ್ಳು ಅಂತೀರಿ. ಯಾವುದನ್ನ ನಂಬ್ಲಿ ಅಯ್ಯಾ?"

"ನನ್ನ ಕಣ್ಣಿಂದ ನೋಡಿ ಹೇಳ್ತಿದೀನಿ."

"ಮನುಷ್ಯರ ಕಣ್ಣು, ತಪ್ಪೋದು ಅದೇ ಅಲ್ವಾ" ಎಂದಳು, ಅಷ್ಟೇ. ಆಸ್ಪತ್ರೆಗೆ ಸೇರಿದರೆ ಕೆಲಸ ಹೋಗುತ್ತದೆ, ಎಸ್ಟೇಟಿನವರು ಕೊಟ್ಟ ಲೈನಿನ ಮನೆ ಬಿಡಬೇಕು, ಕ್ಷಯ ಎಂದು ಗೊತ್ತಾದರೆ ಮಗಳನ್ನು ಯಾರೂ ಮದುವೆಯಾಗುವುದಿಲ್ಲ. ಇದೆಲ್ಲ ಅವಳು ಹೇಳದಿದ್ದರೂ ನನಗೆ ಗೊತ್ತಿತ್ತು. ಸಹಜ ಎಂದ ಚೀಟಿಯೇ ಅವಳಿಗೆ ಬೇಕಾದದ್ದು. ನಾನು ಇನ್ನೊಮ್ಮೆ ಹೇಳಿದೆ. ಸಂಕೋಚದಿಂದ, ತಪ್ಪು ಮಾಡಿದವನು ಮಾತಾಡುವ ಹಾಗೆ ಹೇಳಿದೆ. ಅವಳು ಏಳಲಿಲ್ಲ. ನಾನು ಬಸ್ಸಿಗೆ ಹೊರಟೆ.

ಅಧ್ಯಯನ ಅಚ್ಚಾಯಿತು. ಎಲ್ಲೂ ಕಳಸದ ಹೆಸರಿರಲಿಲ್ಲ. ಅಳತೆಗೆ ಒಬ್ಬ ಆರೋಗ್ಯವಂತ ಸ್ವಯಂಸೇವಕನನ್ನು ಬಳಸಿಕೊಳ್ಳಲಾಯಿತು ಎಂದು ಒಂದು ಸಾಲಿತ್ತು. ನನ್ನನ್ನು ಎರವಲಿನಿಂದ ಬಿಡುಗಡೆ ಮಾಡಿ ಹಳೆಯ ಜಾಗಕ್ಕೆ ಕಳಿಸಿದರು.

ಮಳೆಗಾಲ ಕಳೆದ ಮೇಲೆ ಕಳಸದ ಆ ರೈಟರು ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಎದುರಾದರು. ನಾನು ಕೇಳುವ ಮೊದಲೇ ಹೇಳಿದರು.

"ಆ ಹೆಂಗಸು ಹೋಗ್ಬಿಟ್ಳು ಸಾರ್. ಕೊನೆಗೆ ನಾವೇ ಕಂಬಳಿಯಲ್ಲಿ ಹೊತ್ಕೊಂಡು ಆಸ್ಪತ್ರೆಗೆ ಹೋದ್ವಿ. ತಡ ಆಯ್ತು ಅಂದ್ರು ಡಾಕ್ಟ್ರು." ಕಾಫಿ ಲೋಟ ಕೆಳಗಿಟ್ಟರು. "ತಪ್ಪು ತಿಳೀಬೇಡಿ. ಅವತ್ತು ನೀವು ಇನ್ನೊಂಚೂರು ಜೋರು ಮಾಡಿ ಹೇಳಬೇಕಿತ್ತು."

"ಹೌದು, ಹೇಳಬೇಕಿತ್ತು" ಎಂದೆ.